ಟೆಸೊರೊ ಕಂಪಾಡ್ರೆ: ಕಂಪನಿ ಬಾಗಿಲು ಹಾಕಿತು, ಮೆಷಿನ್ ಮಾತ್ರ ಇನ್ನೂ ಕೂಗ್ತಿದೆ

ಟೆಸೊರೊ ಕಂಪಾಡ್ರೆ ಮೆಟಲ್ ಡಿಟೆಕ್ಟರ್ ಈಗ ಹೊಸದು ಸಿಗುವುದಿಲ್ಲ. ಅದನ್ನು ಮಾಡುತ್ತಿದ್ದ ಕಂಪನಿಯೇ 2018ರಲ್ಲಿ ನಿಂತುಹೋಯಿತು. ಹಾಗಿದ್ದ ಮೇಲೆ ಈಗ ವಿಮರ್ಶೆ ಯಾಕೆ ಅಂತ ಕೇಳಬಹುದು. ಸೆಕೆಂಡ್ ಹ್ಯಾಂಡ್‌ನಲ್ಲಿ ಇದು ಇನ್ನೂ ಕೈ ಬದಲಾಯಿಸುತ್ತಲೇ ಇದೆ, ಅಮೆರಿಕದಲ್ಲಿರುವ ನಮ್ಮವರು ಆಗಾಗ "ತಗೊಳ್ಳಲಾ, ಬೇಡ್ವಾ" ಅಂತ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಜೀವಮಾನದ ವಾರಂಟಿ ಅಂತ ನಂಬಿ ಸಣ್ಣ ಕಂಪನಿಯ ವಸ್ತು ಕೊಂಡವರ ಕೈಯಲ್ಲಿ, ಆ ಕಂಪನಿ ಹೋದ ಮೇಲೆ ಏನು ಉಳಿಯುತ್ತದೆ ಅನ್ನೋದು ನನಗೆ ಬಳಸಿ ಗೊತ್ತಾಗಿದೆ. ಅದನ್ನೇ ಬರೆಯುತ್ತಿದ್ದೇನೆ.

ಟೆಸೊರೊ ಶುರುವಾಗಿದ್ದು 1980ರಲ್ಲಿ. ಜಾಕ್ ಗಿಫರ್ಡ್ ಅನ್ನುವ ಎಂಜಿನಿಯರ್ ಶುರುಮಾಡಿದ್ದು. ಅರಿಝೋನಾದ ಪ್ರೆಸ್ಕಟ್ ಅನ್ನುವ ಬೆಟ್ಟದ ಊರಿನಲ್ಲಿ ಇವರ ಕಾರ್ಖಾನೆ ಇತ್ತು. ಅದು ಹಿಂದೆ ಚಿನ್ನ ಹುಡುಕುವವರು ತೊರೆ ತೊರೆ ಜಾಲಾಡಿದ ಸೀಮೆ. ದೊಡ್ಡ ಕಾರ್ಪೊರೇಟ್ ಅಲ್ಲ, ಮನೆಯವರೇ ನಡೆಸುತ್ತಿದ್ದ ಕಂಪನಿ. ಬ್ಯಾಂಡಿಡೋ, ಸಿಲ್ವರ್, ಸಿಬೋಲಾ, ವಕೇರೋ, ತೆಹೋನ್ ಅಂತ ಸ್ಪ್ಯಾನಿಷ್ ಗಾಳಿ ಬೀಸುವ ಹೆಸರುಗಳ ಮೆಷಿನ್‌ಗಳನ್ನು ಮಾಡಿದರು. ಚಿನ್ನದ ಗಟ್ಟಿ ಹುಡುಕುವವರಿಗೆ ಲೋಬೋ ಅಂತ ಬೇರೆಯೇ ಇತ್ತು. ಇದ್ದುದರಲ್ಲಿ ಅಗ್ಗದ್ದು, ಚಿಕ್ಕದ್ದು ಕಂಪಾಡ್ರೆ.

ನಾನಿರುವುದು ಒಹಾಯೋದಲ್ಲಿ. 2013ರಲ್ಲಿ, ಕಂಪನಿ ಇನ್ನೂ ಚೆನ್ನಾಗಿ ನಡೆಯುತ್ತಿದ್ದಾಗ, ಹೊಸದನ್ನೇ ಕೊಂಡೆ. 200 ಡಾಲರ್ ಒಳಗೇ ಬಂತು. ಅವತ್ತಿನಿಂದ ಇವತ್ತಿನವರೆಗೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ತಿಂಗಳುಗಳನ್ನು ಬಿಟ್ಟರೆ ಹೆಚ್ಚೂಕಮ್ಮಿ ಎಲ್ಲಾ ವಾರಾಂತ್ಯ ಇದು ನನ್ನ ಕಾರಿನ ಡಿಕ್ಕಿಯಲ್ಲೇ ಇರುತ್ತದೆ.

ನೋಡೋಕೆ ಏನೂ ಇಲ್ಲ. ಮೂರು ತುಂಡಿನ ಕೋಲು, ಕೈಹಿಡಿ, ಅದರ ಹತ್ತಿರ ಸಾಬೂನಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಕೆಳಗೆ 5.75 ಇಂಚಿನ ದುಂಡನೆಯ ಕಾಯಿಲ್. ತೂಕ ಸುಮಾರು ಒಂದು ಕೆಜಿ. ಸ್ಕ್ರೀನ್ ಇಲ್ಲ, ಅಂಕಿ ಇಲ್ಲ, ಬ್ಲೂಟೂತ್ ಇಲ್ಲ. ಇರೋದು ಒಂದೇ ಒಂದು ತಿರುಗಣೆ. ಆನ್ ಮಾಡೋದೂ ಅದರಲ್ಲೇ, ಬೇಡದ ಲೋಹ ಸೋಸೋದೂ ಅದರಲ್ಲೇ. ಒಂದು 9 ವೋಲ್ಟ್ ಬ್ಯಾಟರಿ ಹಾಕಿದರೆ ಹತ್ತಿಪ್ಪತ್ತು ಗಂಟೆ ಓಡುತ್ತದೆ. ಯಾವ ಅಂಗಡಿಗೆ ಹೋದರೂ ಸಿಗುವ ಬ್ಯಾಟರಿ ಅದು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೆಲಸ ಮಾಡುವ ರೀತಿ ಸರಳ. ಕಾಯಿಲ್ ಒಳಗೆ ಎರಡು ತಂತಿ ಸುರುಳಿ. ಒಂದು, ಸೆಕೆಂಡಿಗೆ ಸುಮಾರು 12,000 ಸಲ ಆಚೆ ಹೋಗಿ ಈಚೆ ಬರುವ ಕಾಂತಕ್ಷೇತ್ರವನ್ನು ನೆಲಕ್ಕೆ ಬಿಡುತ್ತದೆ. ಅಲ್ಲಿ ಲೋಹ ಇದ್ದರೆ ಅದರ ಮೈಯಲ್ಲಿ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ, ಇನ್ನೊಂದು ಸುರುಳಿ ಅದನ್ನು ಹಿಡಿಯುತ್ತದೆ. ಆ ಉತ್ತರ ಎಷ್ಟು ತಡವಾಗಿ ಬರುತ್ತದೆ ಅನ್ನೋದು ಲೋಹದಿಂದ ಲೋಹಕ್ಕೆ ಬೇರೆ. ಸ್ಕ್ರೀನ್ ಇರುವ ಮೆಷಿನ್ ಆ ವ್ಯತ್ಯಾಸವನ್ನು ಅಂಕಿಯಾಗಿ ತೋರಿಸುತ್ತದೆ. ಕಂಪಾಡ್ರೆಯಲ್ಲಿ ಅದನ್ನು ನಮ್ಮ ಹೆಬ್ಬೆರಳಿಂದಲೇ ತಿಳಿಯಬೇಕು.

ಹೇಗೆ ಅಂದರೆ, ತಿರುಗಣೆ ಕೆಳಗಿಟ್ಟುಕೊಂಡು ಹುಡುಕುತ್ತಾ ಹೋಗ್ತೀರಿ. ಪಿಣ್ ಅಂತ ಸದ್ದು ಬಂತು. ನಿಂತು ಅದೇ ಜಾಗದ ಮೇಲೆ ಕಾಯಿಲನ್ನು ಗೇಣಗಲ ಆಚೆ ಈಚೆ ಆಡಿಸುತ್ತಾ ಹೆಬ್ಬೆರಳಿಂದ ತಿರುಗಣೆಯನ್ನು ಮೆಲ್ಲಗೆ ಮೇಲಕ್ಕೆ ಏರಿಸಬೇಕು. ಮೊದಲು ಕಬ್ಬಿಣದ ಮೊಳೆ ಉದುರುತ್ತದೆ, ಅಂದರೆ ಅದರ ಸದ್ದು ನಿಲ್ಲುತ್ತದೆ. ಆಮೇಲೆ ಚಾಕೊಲೇಟ್ ಸುತ್ತಿದ ಫಾಯಿಲ್. ಆಮೇಲೆ ಐದು ಸೆಂಟಿನ ನಿಕಲ್ ನಾಣ್ಯ. ಆಮೇಲೆ ತಂಪುಪಾನೀಯದ ಡಬ್ಬದ ಟ್ಯಾಬ್, ಅದಾದ ಮೇಲೆ ಒಂದು ಸೆಂಟಿನ ಜಿಂಕ್ ಪೆನ್ನಿ. ಇಷ್ಟೆಲ್ಲಾ ದಾಟಿಯೂ ಸದ್ದು ಗಟ್ಟಿಯಾಗಿ ಬರುತ್ತಲೇ ಇದ್ದರೆ ಅದು ತಾಮ್ರ ಅಥವಾ ಬೆಳ್ಳಿ. ಸದ್ದು ಒಮ್ಮೆಲೇ ಕತ್ತರಿಸಿದ ಹಾಗೆ ನಿಲ್ಲುತ್ತದಾ, ಒಡೆದು ಒಡೆದು ನಿಲ್ಲುತ್ತದಾ ಅನ್ನೋದೂ ಒಂದು ಸುಳಿವು. ನಾಣ್ಯ, ಉಂಗುರದಂಥ ದುಂಡನೆಯದ್ದು ಚೊಕ್ಕವಾಗಿ ನಿಲ್ಲುತ್ತದೆ. ಹರಿದ ತಗಡು ಗೊರಗೊರ ಅನ್ನುತ್ತದೆ. ಕೆಲವು ವಾರದಲ್ಲಿ ಇದು ಕೈಗೆ ಕೂತುಬಿಡುತ್ತದೆ. ಆಮೇಲೆ ಸ್ಕ್ರೀನ್ ಇಲ್ಲ ಅನ್ನೋದು ಕೊರತೆ ಅಂತ ಅನ್ನಿಸೋದೇ ಇಲ್ಲ.

ಚಿನ್ನದ ವಿಷಯಕ್ಕೆ ಬರೋಣ, ನಮ್ಮವರು ಮೊದಲು ಕೇಳೋದೇ ಅದನ್ನು. ಚಿನ್ನದ ಉಂಗುರಗಳು ಬಹುಪಾಲು ಫಾಯಿಲ್‌ನಿಂದ ಟ್ಯಾಬ್‌ವರೆಗಿನ ಜಾಗದಲ್ಲೇ ಬರುತ್ತವೆ. ಕಸ ಬೇಡ ಅಂತ ತಿರುಗಣೆ ಮೇಲಿಟ್ಟು ಹುಡುಕಿದರೆ ಚಿನ್ನವೂ ಕಸದ ಜೊತೆ ಹೋಯಿತು ಅಂತಲೇ ಲೆಕ್ಕ. ಟ್ಯಾಬ್ ಅಗೆಯೋಕೆ ಬೇಸರ ಪಡುವವರಿಗೆ ಚಿನ್ನ ಸಿಗೋದು ಕಷ್ಟ. ಇನ್ನೊಂದು, ತೆಳು ಸರ ಕಳೆದುಹೋದರೆ ಈ ಮೆಷಿನ್ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸರ ನಮ್ಮ ಕಣ್ಣಿಗೆ ಒಂದು ವಸ್ತು, ಡಿಟೆಕ್ಟರ್‌ಗೆ ಅದು ಬೇರೆ ಬೇರೆ ಸಣ್ಣ ಕೊಂಡಿಗಳು. ಎಷ್ಟೋ ಸಲ ಕೊಕ್ಕೆಯಷ್ಟೇ ಕೇಳಿಸುತ್ತದೆ. ದುಬಾರಿ ಮೆಷಿನ್‌ಗಳಿಗೂ ಇದು ಕಷ್ಟವೇ.

ಓಲೆ ಮಾತ್ರ ಸಿಗುತ್ತದೆ. ಒಮ್ಮೆ ಇಲ್ಲಿನ ಕನ್ನಡಿಗರ ಪಿಕ್ನಿಕ್‌ನಲ್ಲಿ, ಹಾಸನದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರ ಓಲೆಯ ತಿರುಪು ಸಡಿಲವಾಗಿ ಓಲೆ ಬಿದ್ದುಹೋಯಿತು. ಮಕ್ಕಳು ಆಡುವ ಜಾಗ, ನೆಲದ ತುಂಬಾ ಮರದ ಚಕ್ಕೆ. ಜೋಕಾಲಿಯ ಕಬ್ಬಿಣದ ಕಂಬದ ಬುಡಕ್ಕೆ ದೊಡ್ಡ ಕಾಯಿಲ್ ಒಯ್ದರೆ ಬರೀ ಕಂಬವೇ ಕೂಗುತ್ತದೆ. ಇದರ ಚಿಕ್ಕ ಕಾಯಿಲ್ ಕಂಬದಿಂದ ಒಂದು ಗೇಣು ದೂರದಲ್ಲೂ ಕೆಲಸ ಮಾಡಿತು. ಅಜ್ಜಿ ಪಕ್ಕದಲ್ಲೇ ಬರುತ್ತಾ, "ಅಲ್ಲ ಮಗಾ, ಇದು ನೆಲದೊಳಗಿರೋದನ್ನೆಲ್ಲ ಕೂಗಿ ಹೇಳುತ್ತಾ?" ಅಂತ ಕೇಳುತ್ತಿದ್ದರು. ಫಾಯಿಲ್ ಚೂರು, ಒಂದೆರಡು ನಾಣ್ಯ, ಆಮೇಲೆ ತಿರುಗಣೆ ಫಾಯಿಲ್ ದಾಟುತ್ತಿದ್ದ ಹಾಗೇ ಚೊಕ್ಕವಾಗಿ ನಿಂತ ಒಂದು ಸದ್ದು. ಚಕ್ಕೆ ಸರಿಸಿದರೆ ಕೆಂಪು ಹರಳಿನ ಓಲೆ ಬೋರಲು ಬಿದ್ದಿತ್ತು. ತಿರುಪು ಸಿಗಲಿಲ್ಲ. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದರು. ಇಂಥ ಜಾಗಕ್ಕೆ, ಅಂದರೆ ಆಟದ ಮೈದಾನ, ಬೇಲಿ ಪಕ್ಕ, ಕಸ ಜಾಸ್ತಿ ಇರುವ ಹಳೇ ಪಾರ್ಕು, ಇದಕ್ಕೆ ಸರಿಸಾಟಿ ಮೆಷಿನ್ ನಾನು ಹಿಡಿದಿಲ್ಲ.

ಕೊರತೆಗಳೂ ಇವೆ. ಆಳ ಕಡಿಮೆ. ನಾಲ್ಕೈದು ಇಂಚಿನ ಆಚೆ ನಾಣ್ಯ ಇದ್ದರೆ ಇದು ಸುಮ್ಮನಿರುತ್ತದೆ. ಗ್ರೌಂಡ್ ಬ್ಯಾಲೆನ್ಸ್, ಅಂದರೆ ಮಣ್ಣಿನದೇ ಸದ್ದನ್ನು ಅಡಗಿಸುವ ಹೊಂದಾಣಿಕೆ, ಕಾರ್ಖಾನೆಯಲ್ಲೇ ಕೂರಿಸಿದ್ದು, ನಾವು ಬದಲಿಸುವ ಹಾಗಿಲ್ಲ. ನಮ್ಮ ಕಡೆಯ ಮಣ್ಣಿಗೆ ಅದು ಸಾಕು, ಕಬ್ಬಿಣದ ಅಂಶ ತುಂಬಿದ ಕೆಮ್ಮಣ್ಣಿನಲ್ಲಿ ಆಳ ಇನ್ನೂ ಕುಗ್ಗುತ್ತದೆ. ಸಮುದ್ರದ ಒದ್ದೆ ಮರಳು ಇದರ ಜಾಗವೇ ಅಲ್ಲ. ಮತ್ತೆ ಕಾಯಿಲ್ ಕೇಬಲ್ ನೇರವಾಗಿ ಪೆಟ್ಟಿಗೆಯೊಳಗೆ ಹೋಗಿ ಬೆಸುಗೆಯಾಗಿದೆ, ಬಿಚ್ಚೋಕೆ ಬರಲ್ಲ. ಕಂಪನಿ ಇದ್ದಾಗ ಇದು ಸಣ್ಣ ವಿಷಯ. ಈಗ ಇದೇ ದೊಡ್ಡ ವಿಷಯ.

ಟೆಸೊರೊ ತನ್ನ ಮೆಷಿನ್‌ಗಳಿಗೆ ಜೀವಮಾನದ ವಾರಂಟಿ ಕೊಡುತ್ತಿತ್ತು, ಮೊದಲು ಕೊಂಡವರಿಗೆ ಮಾತ್ರ. ಈ ಬೆಲೆಯ ಮೆಷಿನ್‌ಗೆ ಹಾಗೆ ಕೊಡೋದು ಸಣ್ಣ ಮಾತಲ್ಲ. ನನಗೆ ಅದನ್ನು ಬಳಸುವ ಸಂದರ್ಭವೇ ಬರಲಿಲ್ಲ, ಹಾಗೆ ಗಟ್ಟಿಯಾಗಿ ಮಾಡಿದ್ದರು. ಆದರೆ ಯೋಚನೆ ಮಾಡಿದರೆ ಅದೇ ಕಷ್ಟವೂ ಆಗಿರಬಹುದು ಅನ್ನಿಸುತ್ತದೆ. ಕೆಡದ ಮೆಷಿನ್ ಕೊಂಡವನು ಮತ್ತೆ ಅಂಗಡಿಗೆ ಯಾಕೆ ಬರುತ್ತಾನೆ? ಕೆಟ್ಟರೂ ರಿಪೇರಿ ಖರ್ಚು ಕಂಪನಿಯದ್ದೇ. ಹಳೇ ಗಿರಾಕಿ ದುಡ್ಡು ತರಲ್ಲ, ಹೊಸ ಗಿರಾಕಿ ಬರುತ್ತಲೇ ಇರಬೇಕು.

ಹೊಸ ಗಿರಾಕಿ ಬೇರೆ ಕಡೆ ನೋಡತೊಡಗಿದ್ದ. ಫ್ರಾನ್ಸ್‌ನ ಎಕ್ಸ್‌ಪಿ ಕಂಪನಿ ಡಿಯಸ್ ಅನ್ನುವ ವೈರ್‌ಲೆಸ್ ಮೆಷಿನ್ ತಂದಿತ್ತು. 2018ರಲ್ಲಿ ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಇಕ್ವಿನಾಕ್ಸ್ ಬಂತು. ಒಂದೇ ಸಲ ಹಲವು ಫ್ರೀಕ್ವೆನ್ಸಿ ಬಿಡುವ, ನೀರಿಗೂ ಇಳಿಯುವ ಮೆಷಿನ್, ಅದೂ ಮಧ್ಯಮ ಬೆಲೆಗೆ. ಟೆಸೊರೊ ಮುಚ್ಚಿದ ಮರುವರ್ಷ ಟರ್ಕಿಯ ನೋಕ್ತಾ ಮಾಕ್ರೋದವರ ಸಿಂಪ್ಲೆಕ್ಸ್ ಇನ್ನೂ ಅಗ್ಗಕ್ಕೆ ಬಂತು. ಟೆಸೊರೊ ಕೊನೆಕೊನೆಗೆ ಮೊಹಾವಿ ಅಂತ ಹೊಸ ಮಾದರಿ ತಂದರೂ ಅದೂ ಸ್ಕ್ರೀನಿಲ್ಲದ ಅನಲಾಗ್ ಮೆಷಿನ್ನೇ. ನನಗಂತೂ ಇಷ್ಟ, ಆದರೆ ಹೊಸಬನೊಬ್ಬ ಮೊಹಾವಿಯನ್ನೂ ಇಕ್ವಿನಾಕ್ಸನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದನ್ನು ಎತ್ತಿಕೊಳ್ಳುತ್ತಾನೆ ಅಂತ ಹೇಳಬೇಕಾಗಿಲ್ಲ ಅಲ್ವಾ.

ಇದು ಟೆಸೊರೊ ಒಂದರ ಕಥೆಯಲ್ಲ. ಒರೆಗಾನ್ ರಾಜ್ಯದ ಸ್ವೀಟ್ ಹೋಮ್ ಊರಿನ ವೈಟ್ಸ್ ಎಲೆಕ್ಟ್ರಾನಿಕ್ಸ್ 1950ರಲ್ಲಿ, ಯುರೇನಿಯಂ ಹುಡುಕಾಟದ ಭರಾಟೆಯಲ್ಲಿ ವಿಕಿರಣ ಅಳೆಯುವ ಗೈಗರ್ ಕೌಂಟರ್ ಮಾಡುತ್ತಾ ಶುರುವಾಗಿ ಆಮೇಲೆ ಮೆಟಲ್ ಡಿಟೆಕ್ಟರ್‌ಗೆ ಬಂದ ಕಂಪನಿ. 70 ವರ್ಷ ನಡೆದು 2020ರಲ್ಲಿ ಮುಚ್ಚಿತು. 1931ರಷ್ಟು ಹಿಂದೆ ಶುರುವಾದ ಫಿಶರ್ ಅದಕ್ಕೂ ಮೊದಲೇ, 2006ರಲ್ಲಿ, ಟೆಕ್ಸಾಸ್‌ನ ಫಸ್ಟ್ ಟೆಕ್ಸಾಸ್ ಕಂಪನಿಯ ತೆಕ್ಕೆಗೆ ಹೋಗಿತ್ತು. ಗಟ್ಟಿಯಾಗಿ ನಿಂತಿರೋದು ಗ್ಯಾರೆಟ್ ಅನ್ನುವ ಡಿಟೆಕ್ಟರ್ ಕಂಪನಿ. ಅದಕ್ಕೆ ನನ್ನ ಪ್ರಕಾರ ಒಂದು ದೊಡ್ಡ ಕಾರಣ, ಅವರು ಹವ್ಯಾಸದವರನ್ನೇ ನಂಬಿ ಕೂತಿಲ್ಲ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಹೊತ್ತಿಗೇ ಭದ್ರತೆಯ ಉಪಕರಣಗಳಿಗೆ ಇಳಿದಿದ್ದರು. ಮಾಲ್ ಬಾಗಿಲಲ್ಲಿ ಸೆಕ್ಯುರಿಟಿಯವರು ಮೈಮೇಲೆ ಆಡಿಸುವ ಕಪ್ಪು ಕೋಲು ಇದೆಯಲ್ಲ, ಅಂಥದ್ದನ್ನು, ನಡೆದು ದಾಟುವ ಬಾಗಿಲುಗಳನ್ನು ಅವರು ಜಗತ್ತಿಗೆಲ್ಲ ಮಾರುತ್ತಾರೆ. ವೈಟ್ಸ್ ಮುಚ್ಚಿದಾಗ ಅದರ ವಿನ್ಯಾಸಗಳನ್ನು ಕೊಂಡಿದ್ದೂ ಗ್ಯಾರೆಟ್ಟೇ. ಹಾಗಾಗಿ ವೈಟ್ಸ್‌ನ ಗೋಲ್ಡ್‌ಮಾಸ್ಟರ್ 24ಕೆ ಅನ್ನುವ ಮೆಷಿನ್ ಗ್ಯಾರೆಟ್ ಹೆಸರಲ್ಲಿ ಮತ್ತೆ ಬಂತು. ಕಂಪಾಡ್ರೆಯನ್ನು ಮತ್ತೆ ಮಾಡುತ್ತೇವೆ ಅಂತ ಅಂಥ ದೊಡ್ಡ ಕೈ ಯಾವುದೂ ಮುಂದೆ ಬರಲಿಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ. ಇಷ್ಟು ಅಚ್ಚುಕಟ್ಟಾದ ವಸ್ತು ಬೆಲೆ ಕಮ್ಮಿ ಅನ್ನುವ ಒಂದೇ ಕಾರಣಕ್ಕೆ ಯಾರಿಗೂ ಬೇಡವಾಗಬಾರದಿತ್ತು.

ವಾರಂಟಿ ಕಾಗದ ಈಗ ಬರೀ ಕಾಗದ. ಆದರೂ ನನ್ನ ಮೆಷಿನ್ ನಡೆಯುತ್ತಿದೆ. ಯಾಕೆ ಅಂತ ನೋಡಿದರೆ, ಅದಕ್ಕೆ ಕಂಪನಿಯಿಂದ ದಿನನಿತ್ಯ ಬೇಕಾದ್ದು ಏನೂ ಇಲ್ಲ. ಬ್ಯಾಟರಿ ಪೇಟೆಯಲ್ಲಿ ಸಿಗುತ್ತದೆ. ಅಪ್‌ಡೇಟ್ ಇಲ್ಲ, ಆ್ಯಪ್ ಇಲ್ಲ, ಚಾರ್ಜರ್ ಇಲ್ಲ. ಡಿಯಸ್ ಒಳ್ಳೆಯ ಮೆಷಿನ್, ಅದರಲ್ಲಿ ಎರಡು ಮಾತಿಲ್ಲ, ಆದರೆ ಅದರ ಕಾಯಿಲ್ ಒಳಗೇ ಲಿಥಿಯಂ ಬ್ಯಾಟರಿ ಇದೆ. ಅಂಥದ್ದು ಸಣ್ಣ ಕಂಪನಿಯಿಂದ ಬಂದು, ಆ ಕಂಪನಿ ಮುಚ್ಚಿದರೆ, ಬ್ಯಾಟರಿ ಸತ್ತ ದಿನ ಕಾಯಿಲ್ ಕಥೆ ಏನು? ಸಣ್ಣ ತಯಾರಕರ ಯಾವ ಎಲೆಕ್ಟ್ರಾನಿಕ್ಸ್ ಕೊಳ್ಳುವಾಗಲೂ ನಾನು ಈಗ ಮೊದಲು ಕೇಳೋದು ಇದನ್ನೇ: ನೀವಿಲ್ಲದಿದ್ದರೆ ಇದು ಓಡುತ್ತದಾ?

ಈಗ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ. ಮೊದಲು ಕೇಬಲ್ ಕಾಯಿಲ್‌ಗೆ ಸೇರುವ ಜಾಗ ನೋಡಿ. ಮೆಷಿನ್ ಆನ್ ಮಾಡಿ ಅಲ್ಲಿ ಕೇಬಲ್ ಅಲ್ಲಾಡಿಸಿದರೆ ಸದ್ದು ಬರಬಾರದು. ತಿರುಗಣೆ ತಿರುಗಿಸುವಾಗ ಕರಕರ ಅಂದರೆ ಒಳಗೆ ಧೂಳು ಕೂತಿರಬಹುದು, ಅದನ್ನು ಸರಿಮಾಡಬಹುದು. ಒಂದು ನಿಕಲ್, ಒಂದು ಟ್ಯಾಬ್, ಒಂದು ಡೈಮ್ (ಹತ್ತು ಸೆಂಟಿನ ನಾಣ್ಯ) ಕಾಯಿಲ್ ಮುಂದೆ ಆಡಿಸಿ, ಹೆಬ್ಬೆರಳಿಂದ ಏರಿಸುತ್ತಾ ಹೋದಾಗ ಮೊದಲು ನಿಕಲ್, ಆಮೇಲೆ ಟ್ಯಾಬ್ ಉದುರಿ, ಡೈಮ್ ಮಾತ್ರ ಕೂಗುತ್ತಲೇ ಇರುತ್ತದಾ ನೋಡಿ. ಮಾರುವವರು "ಜೀವಮಾನ ವಾರಂಟಿ ಇದೆ" ಅಂದರೆ ಅದಕ್ಕೆ ಒಂದು ಡಾಲರ್ ಕೂಡ ಜಾಸ್ತಿ ಕೊಡಬೇಡಿ. ಹೊಸದಿದ್ದಾಗಿನ ಬೆಲೆಗಿಂತ ಮೇಲೆ ಕೇಳಿದರೂ ಬಿಟ್ಟುಬಿಡಿ, ಆ ದುಡ್ಡಿಗೆ ಬೇರೆ ಒಳ್ಳೆಯ ಹೊಸ ಮೆಷಿನ್ ವಾರಂಟಿ ಸಮೇತ ಬರುತ್ತದೆ.

ಕಾಯಿಲ್ ಬದಲಿಸುವ ಅನುಕೂಲ ಬೇಕಾದರೆ ಕಂಪಾಡ್ರೆ ಬಿಟ್ಟು ವಕೇರೋ ನೋಡಿ. ಅದರ ಕಾಯಿಲ್ ಬಿಚ್ಚಬಹುದು, ಬಲ್ಗೇರಿಯಾದ ಡಿಟೆಕ್, ಉಕ್ರೇನಿನ ನೆಲ್ ಥರದ ಬೇರೆ ಕಂಪನಿಗಳು ಟೆಸೊರೊಗೆ ಹೊಂದುವ ಕಾಯಿಲ್ ಮಾಡಿವೆ. ಗ್ರೌಂಡ್ ಬ್ಯಾಲೆನ್ಸ್ ಕೂಡ ಕೈಯಲ್ಲೇ ಹೊಂದಿಸಿಕೊಳ್ಳಬಹುದು. ಅದೂ ಒಂದೇ 9 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತದೆ.

ಎಲ್ಲೆಂದರಲ್ಲಿ ಅಗೆಯಬೇಡಿ ಅನ್ನೋದನ್ನೂ ಹೇಳಲೇಬೇಕು. ಇಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ ಡಿಟೆಕ್ಟರ್ ಒಯ್ಯುವ ಹಾಗೇ ಇಲ್ಲ. ಊರಿನ ಪಾರ್ಕುಗಳಲ್ಲಿ ನಿಯಮ ಬೇರೆ ಬೇರೆ, ಕೇಳಿಕೊಂಡು ಹೋಗಿ. ಯಾರದಾದರೂ ಹಿತ್ತಲಾದರೆ ಮಾಲೀಕರ ಒಪ್ಪಿಗೆ ಬೇಕು. ನನಗೆ ಸಿಕ್ಕ ಬೆಳ್ಳಿ ಡೈಮ್‌ಗಳು (1964ರವರೆಗಿನವು 90% ಬೆಳ್ಳಿ) ಬಹುಪಾಲು ಹಾಗೆ ಕೇಳಿ ಹೋದ ಹಳೇ ಮನೆಗಳ ಅಂಗಳದವು. ರಜೆಯಲ್ಲಿ ಊರಿಗೆ ಒಯ್ಯುತ್ತೇನೆ ಅನ್ನುವವರು, ದಯವಿಟ್ಟು ಬೇಡ. ಭಾರತದಲ್ಲಿ 1878ರ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ಹಂಪಿ, ಬಾದಾಮಿಯಂಥ ಸಂರಕ್ಷಿತ ಜಾಗಗಳಲ್ಲಿ ಅಗೆಯೋದಂತೂ ಅಪರಾಧ. ನಿಧಿ ಆಸೆಗೆ ಹಳೇ ಗುಡಿಗಳನ್ನು ಅಗೆದು ಹಾಳುಮಾಡೋದನ್ನು ನಾವೇ ನೋಡಿದ್ದೇವೆ, ಆ ಕೆಲಸಕ್ಕೆ ಈ ಮೆಷಿನ್ ಹೆಸರು ಸೇರಬಾರದು.

ನನ್ನ ಲೆಕ್ಕದಲ್ಲಿ ಕಂಪಾಡ್ರೆಗೆ ಐದಕ್ಕೆ ನಾಲ್ಕು ಸ್ಟಾರ್. ಕಂಪನಿ ಇದ್ದಿದ್ದರೆ ಐದು ಕೊಡುತ್ತಿದ್ದೆ. ಇದರ ಕೇಬಲ್ ಎಂದಾದರೂ ಹೋದರೆ ಮೊದಲು ಬೆಸುಗೆ ಗೊತ್ತಿರುವವರಿಗೆ ತೋರಿಸ್ತೀನಿ. ಆಗಲ್ಲ ಅಂದರೆ ಇನ್ನೊಂದು ಹಳೇ ಕಂಪಾಡ್ರೆ ಹುಡುಕ್ತೀನಿ, ಒಳ್ಳೆಯದು ಸಿಗದಿದ್ದರೆ ವಕೇರೋ ತಗೊಂಡು ಅದಕ್ಕೆ ಚಿಕ್ಕ ಕಾಯಿಲ್ ಹಾಕಿಸ್ತೀನಿ.