ಪೋಸ್ಟ್‌ಗ್ರೆಸ್ ರೆಪ್ಲಿಕಾ: ಮೂರು ವರ್ಷ ಓಡಿಸಿದ ಮೇಲೆ

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸ್ಟ್ರೀಮಿಂಗ್ ರೆಪ್ಲಿಕೇಶನ್ (ಒಂದು ಸರ್ವರ್‌ನ ಬದಲಾವಣೆಗಳು ಬೇರೆ ಸರ್ವರ್‌ಗಳಿಗೆ ನಕಲಾಗುತ್ತಲೇ ಇರುವ ವ್ಯವಸ್ಥೆ) ಬಳಸಲು ಶುರು ಮಾಡಿ ಮೂರು ವರ್ಷ ಆಯ್ತು. ಒಂದು ಪ್ರೈಮರಿ, ಅಂದರೆ ಮೂಲ ಸರ್ವರ್; ಎರಡು ರೆಪ್ಲಿಕಾ, ಅಂದರೆ ಅದರ ನಕಲುಗಳು. ಬರೆಯುವುದು ಪ್ರೈಮರಿಗೆ, ಓದುವುದು ರೆಪ್ಲಿಕಾಗಳಿಂದ. ಇಲ್ಲಿವರೆಗೆ ಡೇಟಾ ಕಳೆದುಹೋಗಿಲ್ಲ, ಸೆಟಪ್ ಕೂಡ ಸುಲಭ.

ತಲೆನೋವೆಲ್ಲ ಓದುವ ಕಡೆಯೇ. ಮೊದಲ ತಿಂಗಳೇ ದೂರು ಬಂತು: "ಫೋನ್ ನಂಬರ್ ಬದಲಿಸಿ ಸೇವ್ ಮಾಡಿದೆ, ಹಳೆಯದೇ ಕಾಣಿಸ್ತಿದೆ." ಇನ್ನೊಬ್ಬರಿಗೆ ತಮ್ಮ ಕಮೆಂಟ್ ಕಾಣಿಸಿತು, ರಿಫ್ರೆಶ್ ಮಾಡಿದರೆ ಮಾಯ, ಮತ್ತೆ ಮಾಡಿದರೆ ಹಾಜರು! ಓದುವ ಕೋರಿಕೆಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್ ಅವರನ್ನು ಒಮ್ಮೆ ಮುಂದಿದ್ದ ರೆಪ್ಲಿಕಾಗೆ, ಒಮ್ಮೆ ಹಿಂದುಳಿದದ್ದಕ್ಕೆ ಕಳಿಸುತ್ತಿತ್ತು. ತಪ್ಪು ನಮ್ಮದೇ. ಡೀಫಾಲ್ಟ್ ಆಗಿ ರೆಪ್ಲಿಕೇಶನ್ ಅಸಿಂಕ್ರೊನಸ್, ಅಂದರೆ ಪ್ರೈಮರಿ ರೆಪ್ಲಿಕಾಗಳಿಗೆ ಕಾಯುವುದಿಲ್ಲ, ಮ್ಯಾನ್ಯುಯಲ್‌ನಲ್ಲಿ ಬರೆದೇ ಇದೆ.

ಸರಿ, ಸಿಂಕ್ರೊನಸ್ ಮಾಡಿದೆವು. ದೂರು ಕಮ್ಮಿ ಆಯ್ತು, ನಿಲ್ಲಲಿಲ್ಲ. ಯಾಕೆ ಅಂದರೆ 'ಸಿಂಕ್ರೊನಸ್ ಕಮಿಟ್' ಸೆಟ್ಟಿಂಗ್ (ಕಮಿಟ್ ಅಂದರೆ ಬರೆದದ್ದನ್ನು ಖಾಯಂ ಮಾಡುವುದು) ಬರೀ 'ಆನ್' ಇದ್ದರೆ ಪ್ರೈಮರಿ ಕಾಯುವುದು ವಾಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್) ದಾಖಲೆ ರೆಪ್ಲಿಕಾದ ಡಿಸ್ಕ್ ಸೇರುವ ತನಕ ಮಾತ್ರ, ಅದನ್ನು ಟೇಬಲ್‌ಗಳಿಗೆ ಅಪ್ಲೈ ಮಾಡುವ ಕೆಲಸ ಆಮೇಲಿನದು. ಕಾಗದ ಮನೆ ತಲುಪಿದೆ, ಯಾರೂ ಇನ್ನೂ ಒಡೆದು ಓದಿಲ್ಲ, ಅಷ್ಟೇ. ಅಪ್ಲೈ ಆಗುವ ತನಕ ಕಾಯಬೇಕು ಅಂದರೆ 'ರಿಮೋಟ್ ಅಪ್ಲೈ' ಬೇಕು. ಅದು 2016ರಲ್ಲಿ, ಪೋಸ್ಟ್‌ಗ್ರೆಸ್ 9.6ರ ಜೊತೆ ಬಂತು.

ಅದನ್ನೂ ಎರಡೂ ರೆಪ್ಲಿಕಾಗೆ ಹಾಕಿದೆವು. ಚೆನ್ನಾಗೇ ನಡೆಯುತ್ತಿತ್ತು. ಒಂದು ದಿನ ಯಾರೋ ರೆಪ್ಲಿಕಾದಲ್ಲಿ ದೊಡ್ಡ ರಿಪೋರ್ಟ್ ಕ್ವೆರಿ ಓಡಿಸಿದರು, ಅದೇ ಹೊತ್ತಿಗೆ ಪ್ರೈಮರಿಯಲ್ಲಿ ವ್ಯಾಕ್ಯೂಮ್ (ಬೇಡವಾದ ಹಳೆಯ ಸಾಲುಗಳನ್ನು ಗುಡಿಸುವ ಕೆಲಸ) ನಡೆದು ಆ ಕ್ವೆರಿಗೆ ಇನ್ನೂ ಬೇಕಿದ್ದ ಹಳೆಯ ಸಾಲುಗಳನ್ನೇ ತೆಗೆಯಿತು, ರೆಪ್ಲಿಕಾ ಅಪ್ಲೈ ನಿಲ್ಲಿಸಿ ಸುಮ್ನೆ ಕೂತಿತು. ಇಂಥ ಜಗಳದಲ್ಲಿ ಡೀಫಾಲ್ಟ್ ಪ್ರಕಾರ 30 ಸೆಕೆಂಡ್ ಕಾದು ಆಮೇಲೆ ಕ್ವೆರಿ ಕೊಲ್ಲುತ್ತದೆ. ಅಷ್ಟು ಹೊತ್ತು ಪ್ರೈಮರಿಯಲ್ಲಿ ಕಮಿಟ್‌ಗಳು ಸಾಲುಗಟ್ಟಿ ನಿಂತವು. ಓದಲು ಬಂದವರು ಬರೆಯುವವರನ್ನೇ ನಿಲ್ಲಿಸಿದರು, ಅಲ್ವಾ!

ಈಗ ರಿಮೋಟ್ ಅಪ್ಲೈ ತೆಗೆದಿದ್ದೇವೆ. ಯಾರಾದರೂ ಏನಾದರೂ ಬರೆದ ಕೂಡಲೇ ಪ್ರೈಮರಿಯ ಎಲ್‌ಎಸ್‌ಎನ್, ಅಂದರೆ ವಾಲ್ ಎಲ್ಲಿವರೆಗೆ ಬಂದಿದೆ ಎಂಬ ಗುರುತು, ಅವರ ಸೆಶನ್‌ನಲ್ಲಿ ಇಡುತ್ತೇವೆ. ಅವರು ಮುಂದೆ ಓದುವಾಗ ರೆಪ್ಲಿಕಾ ಅಲ್ಲಿಗೆ ತಲುಪಿದೆಯಾ ಅಂತ ಕೇಳಿ, ಇಲ್ಲದಿದ್ದರೆ ಪ್ರೈಮರಿಯಿಂದಲೇ ಓದುತ್ತೇವೆ. ಒಂದು ಸೆಶನ್‌ಗೆ ಒಂದೇ ರೆಪ್ಲಿಕಾ, ಹಾಗಾಗಿ ಕಮೆಂಟ್ ಕಣ್ಣಾಮುಚ್ಚಾಲೆ ಆಡುವುದೂ ನಿಂತಿತು. ಬೇರೆಯವರಿಗೆ ಒಂದು ಕ್ಷಣ ತಡವಾಗಿ ಕಂಡರೆ ಏನೂ ಆಗಲ್ಲ. ತಾವೇ ಬರೆದದ್ದು ಕಾಣದಿದ್ದರೆ ಮಾತ್ರ ಜನ ಸಿಟ್ಟಾಗುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು, ಇಷ್ಟೆಲ್ಲ ಕೋಡ್ ನಾವೇ ಬರೆಯಬೇಕಾಯಿತಲ್ಲ, ಅದಕ್ಕೆ.

ಹಾಂ, ರೆಪ್ಲಿಕಾ ಎಷ್ಟು ಹಿಂದಿದೆ ಅಂತ ನೋಡಲು ಈಗಿನ ಸಮಯದಿಂದ ಕೊನೆಯ ಟ್ರಾನ್ಸಾಕ್ಷನ್ ಸಮಯ ಕಳೆಯುವ ಲೆಕ್ಕ ನಂಬಬೇಡಿ. ರಾತ್ರಿ ಯಾರೂ ಏನೂ ಬರೆಯದಿದ್ದರೂ ಆ ಸಂಖ್ಯೆ ಏರುತ್ತಲೇ ಇರುತ್ತದೆ. ಅದಕ್ಕೆ ಅಲಾರಂ ಇಟ್ಟು ಎಷ್ಟು ನಿದ್ದೆ ಕೆಡಿಸಿಕೊಂಡೆನೋ.