ಹಾಸನದಲ್ಲಿ ಕಾರಿನ ರಿಮೋಟ್ ಕೀ ರಿಪೇರಿ: ಮಾರುಕಟ್ಟೆ ಓಣಿಯ ಒಂದು ಅಂಗಡಿಯ ಬಗ್ಗೆ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರದ ಓಣಿಯೊಂದರಲ್ಲಿ ಬೀಗ ರಿಪೇರಿ ಮಾಡುವ, ಡೂಪ್ಲಿಕೇಟ್ ಕೀ ಕೊರೆದುಕೊಡುವ ಸಣ್ಣ ಅಂಗಡಿಯೊಂದಿದೆ. ಕಾರಿನ ರಿಮೋಟ್ ಕೀ ಕೈಕೊಟ್ಟರೆ ಯಾರ ಬಳಿ ಹೋಗಬೇಕೆಂದು ಕೇಳುವ ಪರಿಚಿತರಿಗೆಲ್ಲ ನಾನು ಈಗ ಈ ಅಂಗಡಿಯ ದಾರಿಯನ್ನೇ ಹೇಳುತ್ತೇನೆ. ಇಲ್ಲಿ ಮೊದಲು ದೋಷ ಎಲ್ಲಿದೆಯೆಂದು ಹುಡುಕುತ್ತಾರೆ. ದುಡ್ಡಿನ ಮಾತು ಬರುವುದು ಆಮೇಲೆ.

ಮುಂಗಾರು ಜೋರಾದ ಮೇಲೆ ಸಕಲೇಶಪುರದ ಕಡೆ ನನ್ನ ಓಡಾಟ ಹೆಚ್ಚಾಗಿತ್ತು, ಆ ದಿನಗಳಲ್ಲೇ ಕೀಯ ಲಾಕ್ ಬಟನ್ ಒಮ್ಮೆ ಕೆಲಸ ಮಾಡಿ ಮತ್ತೊಮ್ಮೆ ಸುಮ್ಮನಿರತೊಡಗಿತು. ಹೊಸ ಸೆಲ್ ಹಾಕಿದರೂ ಬದಲಾವಣೆ ಕಾಣಲಿಲ್ಲ. ಕಾರನ್ನು ಯಾವಾಗಲೂ ಬಿಡುವ ಸರ್ವಿಸ್ ಸೆಂಟರಿನಲ್ಲಿ ತೋರಿಸಿದಾಗ, ಕೌಂಟರಿನಲ್ಲಿದ್ದವರು ಬಟನ್ ಒತ್ತಿ ನೋಡಿ, ಕೀ ಸೆಟ್ಟನ್ನೇ ಬದಲಿಸಬೇಕು, ₹9,000ದ ಆಸುಪಾಸು ಆಗುತ್ತದೆ ಎಂದರು. ಕೀಯನ್ನು ಬಿಚ್ಚಿಯೂ ನೋಡದೆ ಹೇಳಿದ ಆ ಮಾತನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ.

ಈ ಅಂಗಡಿಯ ಯಜಮಾನರು ಕೀಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಕೇಳಿದ ಪ್ರಶ್ನೆ ಇಷ್ಟು: “ಗಾಡಿ ಸ್ಟಾರ್ಟ್ ಆಗುತ್ತಾ ಸಾರ್, ಇಲ್ಲ ಅದೂ ಇಲ್ವಾ?” ಸ್ಟಾರ್ಟ್ ಆಗುತ್ತದೆ ಎಂದೆ. ಮನೆಯಲ್ಲಿರುವ ಎರಡನೇ ಕೀ ಕೆಲಸ ಮಾಡುತ್ತದೆಯೇ ಎಂದು ಕೇಳಿದರು. ಅದೂ ಮಾಡುತ್ತದೆ ಎಂದಾಗ, “ಹಂಗಾದ್ರೆ ಕಾರಲ್ಲೇನೂ ಇಲ್ಲ, ಇದರಲ್ಲೇ ಇದೆ” ಎಂದು ಕೈಚಾಚಿದರು. ಈ ಎರಡು ಪ್ರಶ್ನೆಗಳ ಬೆಲೆ ತಿಳಿಯಬೇಕಾದರೆ ಕೀಯೊಳಗೆ ಏನೇನಿದೆ ಎಂಬುದು ಗೊತ್ತಿರಬೇಕು. ತಿರುಗಿಸಿ ಸ್ಟಾರ್ಟ್ ಮಾಡುವ ಕೀಯಲ್ಲಿ ಬೀಗ ತೆರೆಯುವ ಲೋಹದ ಅಲಗು ಒಂದು, ಬಾಗಿಲಿಗೆ ರೇಡಿಯೊ ಸಂಕೇತ ಕಳುಹಿಸುವ ರಿಮೋಟ್ ಇನ್ನೊಂದು, ಇಂಜಿನ್ ಚಾಲನೆಗೆ ಅನುಮತಿ ಕೊಡುವ ಇಮ್ಮೊಬಿಲೈಜರ್ ಚಿಪ್ ಮತ್ತೊಂದು. ರಿಮೋಟಿಗೆ ಸೆಲ್ ಬೇಕು. ಚಿಪ್‌ಗೆ ಬೇಡ, ಇಗ್ನಿಷನ್ ಸುತ್ತಲಿನ ತಂತಿಸುರುಳಿ ಹೊಮ್ಮಿಸುವ ಸುಮಾರು 125 ಕಿಲೋಹರ್ಟ್ಸ್ ಅಲೆಯಿಂದಲೇ ಅದು ಶಕ್ತಿ ಪಡೆದು ಉತ್ತರ ಕೊಡುತ್ತದೆ. ಆದ್ದರಿಂದ ಬಾಗಿಲು ತೆರೆಯದೆ ಇಂಜಿನ್ ಮಾತ್ರ ಸ್ಟಾರ್ಟ್ ಆದರೆ ದೋಷವನ್ನು ರಿಮೋಟ್ ಭಾಗದಲ್ಲಿ ಹುಡುಕಬೇಕು. ಬಾಗಿಲು ತೆರೆದು ಇಂಜಿನ್ ಸ್ಟಾರ್ಟ್ ಆಗದೆ ಡ್ಯಾಶ್‌ಬೋರ್ಡಿನಲ್ಲಿ ಕೀ ಚಿಹ್ನೆ ಮಿನುಗಿದರೆ ಚಿಪ್ಪಿನ ಮೇಲೆ ಅನುಮಾನ ಪಡಬೇಕು. ಎರಡೂ ಕೀಗಳು ಒಟ್ಟಿಗೇ ಸುಮ್ಮನಾದರೆ ಕಾರಿನ ಬ್ಯಾಟರಿ, ಫ್ಯೂಸ್ ಅಥವಾ ರಿಸೀವರ್ ನೋಡಬೇಕು.

ಕವಚವನ್ನು ಅವರು ಸ್ಕ್ರೂಡ್ರೈವರಿನಿಂದ ಮೀಟಲಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿಗೆ ತೂರಿಸಿ ಸುತ್ತಲೂ ಸರಿಸುತ್ತ ಹೋದಾಗ ಅದು ಒಂದು ಗೀರೂ ಬೀಳದೆ ಬಿಚ್ಚಿಕೊಂಡಿತು. ಸೆಲ್ಲನ್ನು ಹೊರತೆಗೆದು ಮಲ್ಟಿಮೀಟರಿನಲ್ಲಿ ಅಳೆದಾಗ 3.2 ವೋಲ್ಟ್ ಇತ್ತು. ಸೆಲ್ಲನ್ನು ಮರಳಿ ಕೂರಿಸಿ, ಮೀಟರಿನ ಮೊನೆಗಳನ್ನು ಬೋರ್ಡಿನ ಮೇಲೆಯೇ ಹಿಡಿದು, ಬಟನ್ ಒತ್ತಲು ನನಗೆ ಹೇಳಿದರು. ಒತ್ತಿದ ಕ್ಷಣ ಅಂಕಿ 2ಕ್ಕಿಂತ ಕೆಳಗೆ ಕುಸಿಯಿತು, ಬೆರಳೆತ್ತಿದೊಡನೆ ಮೇಲೇರಿತು. “ಸೆಲ್ ಚೆನ್ನಾಗೇ ಇದೆ ಸಾರ್, ಕರೆಂಟ್ ಬೋರ್ಡಿಗೆ ಸರಿಯಾಗಿ ಹೋಗ್ತಿಲ್ಲ” ಎಂದು ಭೂತಗನ್ನಡಿಯನ್ನು ನನ್ನ ಕಡೆಗೆ ಸರಿಸಿದರು. ಸೆಲ್ಲಿನ ತಳವನ್ನು ಹಿಡಿದಿಡುವ ತಗಡಿನ ನಾಲಿಗೆಯ ಮೇಲೆ ಹಸಿರು ಪದರ ಕಟ್ಟಿತ್ತು; ಅದರ ಬುಡದ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಸಣ್ಣ ಬಿರುಕು ಉಂಗುರದಂತೆ ಹರಡಿತ್ತು. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಸಣ್ಣ ಬ್ರಷ್ಷಿನಿಂದ ಹಸಿರನ್ನು ಉಜ್ಜಿ ತೆಗೆದು, ನಾಲಿಗೆಯನ್ನು ತುಸು ಮೇಲಕ್ಕೆ ಬಗ್ಗಿಸಿ, ಹೊಸದಾಗಿ ಬೆಸುಗೆ ಹಾಕಿದರು. ಬಳಿಕ ಕೀಯನ್ನು, ಅದು ಕಳುಹಿಸುವ ರೇಡಿಯೊ ಸಂಕೇತವನ್ನು ಅಳೆಯುವ ಫ್ರೀಕ್ವೆನ್ಸಿ ಟೆಸ್ಟರಿನ ಮೇಲಿಟ್ಟರು. ಅನ್‌ಲಾಕ್ ಒತ್ತಿದಾಗ ಪರದೆಯಲ್ಲಿ 433.92 ಮೆಗಾಹರ್ಟ್ಸ್ ಮೂಡಿತು. ಲಾಕ್ ಒತ್ತಿದಾಗ ಮಾತ್ರ ಇನ್ನೂ ಏನೂ ಬರಲಿಲ್ಲ. ಅಲ್ಲಿಗೆ ಬಿಟ್ಟಿದ್ದರೆ ಅರ್ಧ ಕೆಲಸವಾಗುತ್ತಿತ್ತು. ರಬ್ಬರ್ ಹೊದಿಕೆಯ ಕೆಳಗಿನ ಪುಟ್ಟ ಸ್ವಿಚ್ ಸವೆದಿದೆಯೆಂದು ಅದನ್ನೂ ಕಿತ್ತು ಬೇರೆಯದನ್ನು ಕೂರಿಸಿ, ಎರಡೂ ಬಟನ್‌ಗಳಿಗೆ ಸಂಕೇತ ಬರುವುದನ್ನು ನನಗೆ ತೋರಿಸಿದ ಮೇಲೆಯೇ ಕವಚ ಮುಚ್ಚಿದರು.

ಈ ಕೆಲಸಕ್ಕೆ ಅವರು ತೆಗೆದುಕೊಂಡದ್ದು ₹350. ಇಷ್ಟು ಕಡಿಮೆಯಾಯಿತಲ್ಲ ಎಂಬುದಕ್ಕಿಂತ, ಯಾವುದಕ್ಕೆ ಕೊಟ್ಟೆ ಎಂಬುದು ಕಣ್ಣಾರೆ ಗೊತ್ತಾದದ್ದು ನನಗೆ ದೊಡ್ಡ ಸಮಾಧಾನ.

ಸೆಲ್ ಬಗ್ಗೆ ಅವರು ಹೇಳಿದ ಮಾತುಗಳು ಎಲ್ಲರಿಗೂ ಉಪಯೋಗಕ್ಕೆ ಬರುವಂಥವು. ಅನೇಕ ಕೀಗಳಲ್ಲಿರುವ ಸಿಆರ್ 2032 ಸೆಲ್ಲಿನ ಸಂಖ್ಯೆಯೇ ಅದರ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅದು ಸಿಗದಾಗ ಕೆಲವು ಅಂಗಡಿಗಳಲ್ಲಿ ಕೊಡುವ ಸಿಆರ್ 2025 ಕೂಡ 3 ವೋಲ್ಟಿನದೇ, ಅಗಲವೂ ಅಷ್ಟೇ, ಆದರೆ ದಪ್ಪ 2.5 ಮಿಲಿಮೀಟರ್ ಮಾತ್ರ ಇರುವುದರಿಂದ ಸಡಿಲವಾಗಿ ಕೂತು, ಕೀ ಅಲುಗಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ. ಮಳೆಯಲ್ಲಿ ನೆನೆದ ಕೀಯನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿಯನ್ನೂ ಅವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಅಕ್ಕಿಯ ಧೂಳು ಒಳಸೇರುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ. ಕೂಡಲೇ ಸೆಲ್ ತೆಗೆದು, ಕವಚ ಬಿಚ್ಚಿ, ಗಾಳಿಯಾಡುವ ಕಡೆ ಒಣಗಿಸುವುದೇ ಸರಿ. ತೆಗೆದ ಹಳೆಯ ಸೆಲ್ ಮೇಜಿನ ಮೇಲೆ ಬಿದ್ದಿರಬಾರದು. ಮಗು ಅದನ್ನು ನುಂಗಿದರೆ ಅನ್ನನಾಳ ಎರಡು ಗಂಟೆಯೊಳಗೇ ಸುಟ್ಟುಹೋಗಬಹುದಾದ್ದರಿಂದ, ವಾಂತಿ ಮಾಡಿಸಲು ಹೋಗದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು.

ನಾನಿದ್ದಾಗಲೇ ಬಂದ ಗ್ರಾಹಕರೊಬ್ಬರು, ತಮ್ಮ ಮನೆ ಸಾಲಗಾಮೆ ರಸ್ತೆಯಲ್ಲಿರುವುದರಿಂದ ಅಲ್ಲಿನ ಇಸ್ರೋ ಉಪಗ್ರಹ ನಿಯಂತ್ರಣ ಕೇಂದ್ರವಾದ ಎಂಸಿಎಫ್‌ನ ದೊಡ್ಡ ಆಂಟೆನಾಗಳೇ ಕೀ ಕೆಡಿಸುತ್ತಿವೆಯೇನೋ ಎಂದು ಕೇಳಿದರು. ಉಪಗ್ರಹಗಳ ಜೊತೆಗಿನ ಆ ಸಂಪರ್ಕ ಗಿಗಾಹರ್ಟ್ಸ್ ಅಲೆಗಳಲ್ಲಿ, ಆಕಾಶದತ್ತ ಮುಖಮಾಡಿ ನಡೆಯುತ್ತದೆ. ಅದಕ್ಕೂ ಕಾರಿನ ಕೀಗೂ ಸಂಬಂಧವಿಲ್ಲ. ಅವರ ಮನೆಯ ಮಗು ಕೀ ಹಿಡಿದು ಒಳಗೆ ಕೂತು ಬಟನ್ ಒತ್ತುತ್ತಲೇ ಇರುತ್ತದಂತೆ. ಪ್ರತಿ ಒತ್ತಿಗೂ ಕೀ ಹೊಸ ಸಂಕೇತ ಕಳುಹಿಸುತ್ತದೆ, ಕಾರು ಅದರ ಲೆಕ್ಕ ಇಟ್ಟುಕೊಂಡಿರುತ್ತದೆ. ಕಾರಿಗೆ ಕೇಳಿಸದಷ್ಟು ದೂರದಲ್ಲಿ ಬಹಳ ಸಲ ಒತ್ತಿದರೆ ಕೀ ಮತ್ತು ಕಾರಿನ ಲೆಕ್ಕ ತಾಳೆಯಾಗುವುದಿಲ್ಲ. ಹಲವು ಕಾರುಗಳಲ್ಲಿ ಹತ್ತಿರ ನಿಂತು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಸರಿಹೋಗುತ್ತದೆ, ಕೆಲವಕ್ಕೆ ಸ್ಕ್ಯಾನರ್ ಹಾಕಿ ಮತ್ತೆ ಪರಿಚಯ ಮಾಡಿಸಬೇಕಾಗುತ್ತದೆ. ಸೆಲ್ ತೆಗೆದರೆ ಪ್ರೋಗ್ರಾಮ್ ಅಳಿಸಿಹೋಗುತ್ತದೆಂಬ ಭಯ ಮಾತ್ರ ಬಹುತೇಕ ಕೀಗಳ ಮಟ್ಟಿಗೆ ಅನಗತ್ಯ, ಏಕೆಂದರೆ ಸಂಕೇತ ಉಳಿಯುವ ಸ್ಮೃತಿಗೆ ಸೆಲ್ಲಿನ ಆಸರೆ ಬೇಕಾಗಿಲ್ಲ.

ಪುಷ್ ಬಟನ್ ಕಾರಿನವರು ಇನ್ನೊಂದು ವಿಷಯ ತಿಳಿದಿರಬೇಕು. ಶಿರಾಡಿ ಘಾಟಿಯಂಥ ಕಡೆ ಸ್ಮಾರ್ಟ್ ಕೀಯ ಸೆಲ್ ಮುಗಿದರೆ, ಅದರೊಳಗೆ ಅಡಗಿರುವ ಲೋಹದ ಕೀಯನ್ನು ಎಳೆದು ಚಾಲಕನ ಬಾಗಿಲು ತೆರೆಯಬಹುದು. ಬ್ರೇಕ್ ತುಳಿದು ಸ್ಮಾರ್ಟ್ ಕೀಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದರೆ ಅನೇಕ ಮಾದರಿಗಳಲ್ಲಿ ಇಂಜಿನ್ ಸ್ಟಾರ್ಟ್ ಆಗುತ್ತದೆ. ತಾಗಿಸುವ ಜಾಗ ಕೆಲವು ಕಾರುಗಳಲ್ಲಿ ಬೇರೆ ಇರುವುದರಿಂದ ಕಾರಿನ ಜೊತೆ ಬಂದ ಪುಸ್ತಕದ ಆ ಪುಟವನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಒಡೆದ ಕವಚವನ್ನು ಮಾತ್ರ ಬದಲಿಸಿಕೊಡುವುದೂ ಇಲ್ಲಿ ಉಂಟು. ಹಲವು ಕೀಗಳಲ್ಲಿ ಇಮ್ಮೊಬಿಲೈಜರ್ ಚಿಪ್ ಬೋರ್ಡಿನ ಮೇಲಿರದೆ, ಕವಚದ ಒಳಗೋಡೆಯ ಗೂಡಿನಲ್ಲಿ ಕರಿಯ ಚೂರಾಗಿ ಬೇರೆಯೇ ಕೂತಿರುತ್ತದೆ. ಆನ್‌ಲೈನಿನಲ್ಲಿ ಕವಚ ತರಿಸಿ ಮನೆಯಲ್ಲೇ ಬದಲಿಸುವವರು ಹಳೆಯ ಕವಚವನ್ನು ಕಸಕ್ಕೆ ಎಸೆಯುವ ಮೊದಲು ಆ ಚೂರನ್ನು ಹೊಸದಕ್ಕೆ ಸಾಗಿಸಬೇಕು. ಹೊಸ ಚಿಪ್ ಕೀ ಮಾಡಿಕೊಡಲು ಇವರು ಆರ್‌ಸಿ ಮತ್ತು ಮಾಲೀಕರ ಗುರುತಿನ ಚೀಟಿ ಇಲ್ಲದೆ ಒಪ್ಪುವುದಿಲ್ಲ. ಒಬ್ಬರು ಗೊಣಗುತ್ತ ಹೊರಟುಹೋದದ್ದನ್ನು ನೋಡಿದೆ. ಆ ಕಟ್ಟುನಿಟ್ಟೇ ನನಗೆ ಈ ಅಂಗಡಿಯ ಮೇಲೆ ವಿಶ್ವಾಸ ಹೆಚ್ಚಿಸಿತು.

ಕೊರತೆಗಳೂ ಇವೆ. ಕೂರಲು ಜಾಗವಿಲ್ಲ, ಓಣಿಯೊಳಗೆ ಕಾರು ತರಲಾಗುವುದಿಲ್ಲ, ಕೇಳದೆ ಬಿಲ್ ಬರೆಯುವುದಿಲ್ಲ, ರಿಪೇರಿಗೆ ಇಷ್ಟು ದಿನದ ಗ್ಯಾರಂಟಿ ಎಂದು ಬರೆದೂ ಕೊಡುವುದಿಲ್ಲ. ಕೆಲವು ದುಬಾರಿ ಕಾರುಗಳ ಸ್ಮಾರ್ಟ್ ಕೀಗಳನ್ನು ತಮ್ಮಿಂದಾಗದೆಂದು ಹೇಳಿ ಕಂಪನಿಯ ಕಡೆಗೇ ಕಳುಹಿಸುತ್ತಾರೆ. ಸಂಜೆ ಮನೆಬೀಗದವರು ಮುತ್ತಿಕೊಂಡಿರುತ್ತಾರಾದ್ದರಿಂದ ಬೆಳಿಗ್ಗೆ ಹೋಗುವುದು ಅನುಕೂಲ. ಎರಡನೇ ಕೀಯನ್ನೂ ಜೊತೆಗೆ ಒಯ್ಯಿರಿ. ಅವರು ಅದನ್ನು ಕೇಳಿಯೇ ಕೇಳುತ್ತಾರೆ.