ಮಲ್ಪೆಯ ದೋಣಿಯೋ, ಕಾರ್ಕಳದ ಬಂಡೆಯೋ

ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನ ನಮ್ಮ ಮನೆಗೆ ಇನ್ನು ಯಾರೇ ನೆಂಟರು ಬಂದು "ಒಂದು ದಿನ ಎಲ್ಲಾದರೂ ಸುತ್ತಿ ಬರೋಣ" ಅಂದರೆ, ನಾನು ಕಾರು ತಿರುಗಿಸುವುದು ಮೂಡುಬಿದಿರೆ–ಕಾರ್ಕಳದ ಕಡೆಗೇ. ಕಳೆದ ಡಿಸೆಂಬರಿನ ಒಂದು ಭಾನುವಾರದ ತನಕ ಹಾಗಿರಲಿಲ್ಲ. ನೆಂಟರು ಅಂದರೆ ಮಲ್ಪೆ, ದ್ವೀಪ, ಮೀನೂಟ, ಕೃಷ್ಣ ಮಠ. ಬೇರೆ ಯೋಚನೆಯೇ ಬರುತ್ತಿರಲಿಲ್ಲ.

ಶಿವಮೊಗ್ಗದಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಚಿಕ್ಕಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಚಿಕ್ಕಮ್ಮನಿಗೆ ಮಂಡಿ ನೋವು, ಆದರೆ ಮೀನು ಅಂದರೆ ಪ್ರಾಣ. ಭಾನುವಾರ ಮಲ್ಪೆ–ಉಡುಪಿ ಮಾಡಿದೆವು, ಬುಧವಾರ ನಾನು ರಜೆ ಹಾಕಿ ಕಾರ್ಕಳಕ್ಕೆ ಕರೆದುಕೊಂಡು ಹೋದೆ. ಅದೇ ನಾಲ್ಕು ಜನ, ಅದೇ ಹಳೆಯ ಆಲ್ಟೊ.

ಭಾನುವಾರದ್ದು ಹಿಂದಿನ ರಾತ್ರಿ ಲೆಕ್ಕ ಹಾಕುವಾಗ ಚೆನ್ನಾಗಿಯೇ ಕೂಡಿತ್ತು. ಹತ್ತು ಗಂಟೆಗೆ ದೋಣಿ, ಹನ್ನೆರಡೂವರೆಗೆ ವಾಪಸ್, ಒಂದಕ್ಕೆ ಊಟ, ಆಮೇಲೆ ಮಠ, ಸಂಜೆ ಕಾಪು ದೀಪಸ್ತಂಭ. ಕೆಟ್ಟದ್ದು ದೋಣಿಯಿಂದ.

ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿ ತುಂಬದೆ ಹೊರಡುವುದಿಲ್ಲ. ಭಾನುವಾರ ತುಂಬುವುದಕ್ಕೆ ತೊಂದರೆಯಿಲ್ಲ, ಆದರೆ ತುಂಬುವವರ ಸಾಲಿನಲ್ಲಿ ನಾವು ಎಲ್ಲೋ ಕೊನೆಗೆ ಇದ್ದೆವು. ವಾರದ ದಿನ ಬಂದಿದ್ದರೆ ಜನ ಸಾಲದು ಅಂತ ಕಾಯಬೇಕು, ಭಾನುವಾರ ಬಂದದ್ದಕ್ಕೆ ಜನ ಜಾಸ್ತಿ ಅಂತ ಕಾಯಬೇಕು. ನಾಲ್ಕು ಜನರ ಟಿಕೆಟ್ಟಿಗೆ ಸಾವಿರದ ಮೇಲೆ ಕೊಟ್ಟು, ಮರಳಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತೆವು. ನಮ್ಮ ಸರದಿ ಬಂದದ್ದು ಹನ್ನೊಂದೂ ಮುಕ್ಕಾಲಿಗೆ.

ಅದೂ ಹೋಗಲಿ ಅನ್ನಬಹುದಿತ್ತು. ದೊಡ್ಡ ದೋಣಿ ದ್ವೀಪದ ದಡದವರೆಗೆ ಹೋಗುವುದಿಲ್ಲ. ಸ್ವಲ್ಪ ದೂರದಲ್ಲಿ ನಿಲ್ಲಿಸಿ, ಪಕ್ಕಕ್ಕೆ ಬರುವ ಸಣ್ಣ ದೋಣಿಗೆ ಇಳಿಸುತ್ತಾರೆ. ನಮಗೆ ನಿಮಗೆ ಅದೊಂದು ಮಜಾ. ಚಿಕ್ಕಮ್ಮನಿಗೆ? ಎರಡು ದೋಣಿಗಳೂ ಅಲುಗುತ್ತಿವೆ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಸೀರೆಯ ನೆರಿಗೆ ಒಂದು ಕೈಯಲ್ಲಿ, ನನ್ನ ಭುಜ ಇನ್ನೊಂದು ಕೈಯಲ್ಲಿ. ಕೆಳಗಿದ್ದ ಹುಡುಗ "ಹೆದರ್ಬೇಡಿ ಅಮ್ಮಾ, ಕಾಲಿಡಿ" ಅಂತಾನೆ, ಚಿಕ್ಕಮ್ಮ ಕಾಲು ನೀಡಿ ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಹೀಗೆ ಮೂರು ಸಲ. ಹಿಂದಿನಿಂದ ಯಾರೋ "ಬೇಗ ಬೇಗ" ಅಂದರು. ಕೊನೆಗೆ ಆ ಹುಡುಗನೇ ಎರಡೂ ಕೈ ಹಿಡಿದು ಇಳಿಸಿಕೊಂಡ. ಚಿಕ್ಕಮ್ಮ ಕೂತ ಮೇಲೆ ಹೇಳಿದ್ದು ಒಂದೇ ಮಾತು: "ವಾಪಸ್ ಬರುವಾಗಲೂ ಹೀಗೇನಾ?"

ಹೌದು, ಹಾಗೇ. ವಾಪಸ್ ಬರುವಾಗ ಹತ್ತಬೇಕು ಬೇರೆ. ಅದೂ ನೆತ್ತಿಯ ಮೇಲೆ ಬಿಸಿಲು, ದ್ವೀಪಕ್ಕೆ ಬಂದವರಿಗೆಲ್ಲ ಒಟ್ಟಿಗೇ ಹಸಿವಾಗಿ ಒಟ್ಟಿಗೇ ಸಾಲು. ಮಲ್ಪೆ ಮುಟ್ಟುವಾಗ ಮೂರು ಗಂಟೆಗೆ ಹತ್ತು ನಿಮಿಷ ಇತ್ತು. ಮೀನಿನ ಹೋಟೆಲಿಗೆ ಓಡಿದೆವು. "ಕಾಣೆ ಉಂಟಾ?" "ಮುಗೀತು." "ಅಂಜಲ್?" "ಅದೂ ಮುಗೀತು. ಬಂಗುಡೆ ಎರಡುಂಟು ಮಾರಾಯ್ರೆ, ಬೇಕಾದ್ರೆ ಈಗ್ಲೇ ಹೇಳಿ." ನಾಲ್ಕು ಜನಕ್ಕೆ ಎರಡು ಬಂಗುಡೆ. ಚಿಕ್ಕಮ್ಮನ ತಟ್ಟೆಗೆ ಒಂದು ಇಡಿಯಾಗಿ ಹೋಯಿತು, ಉಳಿದದ್ದರಲ್ಲಿ ನಾವು ಮುಳ್ಳು ಬಿಡಿಸಿದೆವು.

ಆಮೇಲಿನದ್ದೆಲ್ಲ ಓಟ. ಮಠದಲ್ಲಿ ಕನಕನ ಕಿಂಡಿ, ಒಂಬತ್ತು ತೂತಿನ ಕಿಂಡಿಯಿಂದ ಕೃಷ್ಣನ ದರ್ಶನ, ನೂಕಾಟದಲ್ಲಿ ಎರಡು ಸೆಕೆಂಡ್. ರಥಬೀದಿಯ ಮಿತ್ರ ಸಮಾಜದಲ್ಲಿ ಗೋಳಿಬಜೆ, ಬನ್ಸ್ ತಿಂದದ್ದೇ ಆ ದಿನದ ನಿಜವಾದ ಊಟ. ಗೋಳಿಬಜೆ ಎಣ್ಣೆಯಿಂದ ಆಗಷ್ಟೇ ತೆಗೆದದ್ದು, ಮುರಿದರೆ ಒಳಗೆ ಹತ್ತಿಯ ಹಾಗೆ ಬಿಡಿಸಿಕೊಳ್ಳುತ್ತಿತ್ತು. ಈ ಒಂದು ವಿಷಯದಲ್ಲಿ ಕಾರ್ಕಳದ ದಾರಿ ಉಡುಪಿಯ ಹತ್ತಿರಕ್ಕೂ ಬರುವುದಿಲ್ಲ, ಒಪ್ಪುತ್ತೇನೆ. ಕಾಪುವಿನಲ್ಲಿ 1901ರ ದೀಪಸ್ತಂಭ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು. ನಾವು ಮುಟ್ಟುವಾಗ ಕತ್ತಲೆ. ಕೆಳಗೆ ನಿಂತು ಬೆಳಕು ತಿರುಗುವುದನ್ನು ನೋಡಿ ಬಂದೆವು.

ಬುಧವಾರ ಬೆಳಿಗ್ಗೆ ಆರೂವರೆಗೇ ಹೊರಟೆ. ಮೂಡುಬಿದಿರೆ ದಾಟಿ ನೇರ ಕಾರ್ಕಳ. ಯಾಕೆಂದರೆ ಗೊಮ್ಮಟನ ಬೆಟ್ಟ ಪೂರ್ತಿ ಬಂಡೆ, ಹತ್ತು ಗಂಟೆ ಕಳೆದರೆ ಬರಿಗಾಲು ಇಡುವ ಹಾಗಿಲ್ಲ. ಹೆದ್ದಾರಿ ಅಗಲ ಮಾಡುವ ಕೆಲಸದ ಧೂಳು ಇತ್ತು. ಇರಲಿ.

ಎಂಟು ಗಂಟೆಗೆ ಬಂಡೆ ಇನ್ನೂ ತಣ್ಣಗಿತ್ತು. 42 ಅಡಿಯ ಬಾಹುಬಲಿಯ ಕಾಲ ಬುಡದಲ್ಲಿ ಚಿಕ್ಕಪ್ಪ, ನಾನು, ನನ್ನ ಹೆಂಡತಿ, ಇನ್ನು ಗುಡಿಸುತ್ತಿದ್ದ ಒಬ್ಬರು. ಅಷ್ಟೇ ಜನ. ಚಿಕ್ಕಮ್ಮ ಮೆಟ್ಟಿಲು ಹತ್ತಲಿಲ್ಲ, ಕಾರಿನ ಬಾಗಿಲು ತೆಗೆದಿಟ್ಟು ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಕೂತರು. ಆಮೇಲೆ ಎದುರಿನ ಸಣ್ಣ ಗುಡ್ಡದ ಚತುರ್ಮುಖ ಬಸದಿಗೆ ನಿಧಾನಕ್ಕೆ ಹತ್ತಿ ಬಂದರು. 1586ರದ್ದು ಅದು. ನಾಲ್ಕೂ ಕಡೆ ಬಾಗಿಲು, ಯಾವ ಕಡೆಯಿಂದ ಹೋದರೂ ಎದುರಿಗೆ ತೀರ್ಥಂಕರರು ಸಾಲಾಗಿ ನಿಂತಿರುತ್ತಾರೆ. ಕಲ್ಲಿನ ಕಂಬಕ್ಕೆ ಒರಗಿ ಕೂತು ಚಿಕ್ಕಮ್ಮ ಗೊಮ್ಮಟನ ಬೆಟ್ಟವನ್ನು ನೋಡಿದರು. "ಇಲ್ಲಿಂದಲೇ ಆಯ್ತಲ್ಲ ಬಿಡು" ಅಂದರು. ಎದ್ದೇಳಿ ಅಂತ ಹಿಂದಿನಿಂದ ಯಾರೂ ಹೇಳಲಿಲ್ಲ.

ಅಲ್ಲಿಂದ ವರಂಗದ ಕೆರೆ ಬಸದಿ. ಅಲ್ಲೂ ದೋಣಿ! ಕೆರೆಯ ನಡುವೆ ಬಸದಿ, ಅಲ್ಲಿಗೆ ಹೋಗಲು ದೋಣಿಯೇ ಬೇಕು. ಚಿಕ್ಕಮ್ಮ ನನ್ನ ಮುಖ ನೋಡಿದರು. ನಾನು ಮಾತಾಡಲಿಲ್ಲ. ಆದರೆ ಕೆರೆಯ ನೀರು ಅಲುಗುತ್ತಿರಲಿಲ್ಲ. ಹತ್ತಿ ಕೂತೆವು, ದೋಣಿಯವನು ಹುಟ್ಟು ಹಾಕಿದ, ಮುಗಿಯಿತು. ಒಳಗೆ ಪದ್ಮಾವತಿಗೆ ಕೈಮುಗಿದು ಬರುವಾಗ ಚಿಕ್ಕಮ್ಮ ಕೈ ನೀರಿಗೆ ಬಿಟ್ಟುಕೊಂಡು ಕೂತಿದ್ದರು.

ಊಟ ಕಾರ್ಕಳದಲ್ಲಿ, ಒಂದು ಸಾಧಾರಣ ಸಸ್ಯಾಹಾರಿ ಹೋಟೆಲ್. ಅನ್ನ "ಬೆಳ್ತಿಗೆಯೋ ಕುಚ್ಚಲೋ?" ಅಂತ ಕೇಳಿ ಬಡಿಸಿದರು. ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ಹನ್ನೆರಡೂವರೆಗೆ ಹೊಟ್ಟೆ ತುಂಬಿತ್ತು.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಮಧ್ಯಾಹ್ನಕ್ಕೇ ಇಟ್ಟುಕೊಳ್ಳಿ. ಒಳಗೆ ಕಲ್ಲಿನ ತಂಪು. 1430ರಲ್ಲಿ ಕಟ್ಟಿಸಿದ್ದು, ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. "ಎರಡೇ ವರ್ಷದ ಅಂತರ ನೋಡು, ಆಗ ಈ ದಾರಿಯಲ್ಲಿ ಕಲ್ಲುಕುಟಿಗರಿಗೆ ಎಷ್ಟು ಕೆಲಸ ಇದ್ದಿರಬೇಕು" ಅಂದರು ಚಿಕ್ಕಪ್ಪ. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂಬ ಮಾತನ್ನು ಪರೀಕ್ಷೆ ಮಾಡಲು ಹೊರಟರು, ಮೇಷ್ಟ್ರಲ್ವಾ. ಆಮೇಲೆ ಮಂಟಪದ ಜಗಲಿಯ ಕಲ್ಲಿನಲ್ಲಿ ಜಿರಾಫೆಯನ್ನು ಹುಡುಕುವ ಕೆಲಸ. ಉದ್ದ ಕುತ್ತಿಗೆಯ ಆ ಪ್ರಾಣಿ ಸಿಕ್ಕಿದಾಗ ಬೆರಳಿಟ್ಟು ತೋರಿಸಿ ನಕ್ಕರು. ಕರಾವಳಿಗೆ ಬರುತ್ತಿದ್ದ ವ್ಯಾಪಾರಿಗಳ ಬಾಯಿಂದ ಕೇಳಿ ಕೆತ್ತಿದ್ದಿರಬಹುದು ಅಂತ ಅವರ ಊಹೆ.

ಐದಕ್ಕೆ ಮನೆ. ರಾತ್ರಿ ಮಂಗಳೂರಿನಲ್ಲೇ ಕಾಣೆ ರವಾ ಫ್ರೈ, ಆಮೇಲೆ ಗಡ್‌ಬಡ್ ಐಸ್‌ಕ್ರೀಂ. ಗಡ್‌ಬಡ್ ಹುಟ್ಟಿದ್ದು ಉಡುಪಿಯಲ್ಲೋ ಮಂಗಳೂರಿನಲ್ಲೋ ಎಂಬ ಜಗಳ ಇದ್ದೇ ಇದೆ, ನಮಗೆ ಲೋಟ ಖಾಲಿಯಾಯಿತು. ಖರ್ಚಿನ ಲೆಕ್ಕಕ್ಕೆ ಬಂದರೆ, ಬುಧವಾರದ ಪೆಟ್ರೋಲ್, ಊಟ, ಚಾ ಎಲ್ಲ ಸೇರಿದರೂ ಭಾನುವಾರದಷ್ಟು ಆಗಲಿಲ್ಲ. ನನ್ನಂಥ ತಿಂಗಳ ಸಂಬಳದವನಿಗೆ ಅದೂ ಒಂದು ಕಾರಣ.

ಅರ್ಧ ದಿನ ಮಾತ್ರ ಇದ್ದರೆ ಇವೆರಡೂ ಬೇಡ. ಮಂಗಳೂರಿನದ್ದೇ ಸುಲ್ತಾನ್ ಬತ್ತೇರಿಯಿಂದ ಹೊಳೆ ದಾಟಿ ತಣ್ಣೀರುಬಾವಿ ಬೀಚಿಗೆ ಹೋಗಿ ಬನ್ನಿ, ಸಾಕು.

ದ್ವೀಪಕ್ಕೆ ಅನ್ಯಾಯ ಮಾಡಬಾರದು. ಆ ಕಲ್ಲುಗಳು ಬೇರೆ ಕಡೆ ಸಿಗುವಂಥವಲ್ಲ. ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರುಕು ಬಿಟ್ಟು, ಐದಾರು ಮೂಲೆಯ ಕಂಬಗಳಾಗಿ ನಿಂತಿವೆ. ಮಡಗಾಸ್ಕರ್ ನಮ್ಮಿಂದ ಬೇರೆಯಾಗುತ್ತಿದ್ದ ಕಾಲದವು, ಸುಮಾರು 8.8 ಕೋಟಿ ವರ್ಷ ಹಿಂದಿನವು. 1979ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ಆ ಬಿಸಿಲಿನಲ್ಲೂ ಚಿಕ್ಕಪ್ಪ ಒಂದು ಕಂಬದ ತಲೆಯ ಮೇಲೆ ಅಂಗೈ ಇಟ್ಟು ಅಂಚುಗಳನ್ನು ಎಣಿಸುತ್ತಾ ನಿಂತಿದ್ದರು.

ಮೊನ್ನೆ ಫೋನ್ ಮಾಡಿದಾಗಲೂ ಅವರು ಹೇಳಿದ್ದು ಗೊಮ್ಮಟನ ಮಾತಲ್ಲ, ದ್ವೀಪದ ಕಲ್ಲಿನದ್ದು. ಇನ್ನೊಮ್ಮೆ ಹೋಗಬೇಕಂತೆ. ಆಗಲಿ, ಬೆಳಗಿನ ಮೊದಲ ದೋಣಿಗೆ ಹತ್ತಿಸಿ ಬರುತ್ತೇನೆ. ಚಿಕ್ಕಮ್ಮನೂ ನಾನೂ ಮಲ್ಪೆಯಲ್ಲೇ ಇರುತ್ತೇವೆ, ಹನ್ನೆರಡಕ್ಕೇ ಹೋಟೆಲಿನಲ್ಲಿ ಕೂತು ಮೂರು ಕಾಣೆ ಹೇಳಿಟ್ಟು.